ಟಪಾಲು ಲಾರಿಯ ಅಪಘಾತ, ಪರಿಹಾರದ ಅರ್ಜಿ ಮತ್ತು ಉಡುಪಿಯ ಒಂದು ವಕೀಲರ ಕಚೇರಿ

ಉಡುಪಿಯ ನ್ಯಾಯಾಲಯದಿಂದ ನಡೆದು ಹೋಗುವಷ್ಟೇ ದೂರದಲ್ಲಿ, ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿರುವ ವಕೀಲರ ಕಚೇರಿಯೊಂದು ನನ್ನ ತಮ್ಮನ ಅಪಘಾತ ಪರಿಹಾರದ ಪ್ರಕರಣವನ್ನು 2023ರ ಅಕ್ಟೋಬರ್‌ನಿಂದ 2025ರ ಬೇಸಿಗೆಯವರೆಗೆ ನಡೆಸಿಕೊಟ್ಟಿತು. ಆ ಸೇವೆ ಹೇಗಿತ್ತೆಂಬುದನ್ನು, ನಮ್ಮಂತೆಯೇ ಒಂದು ದಿನ ಇದ್ದಕ್ಕಿದ್ದಂತೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಮುಂದೇನು ಎಂದು ತೋಚದೆ ಇರುವ ಮನೆಯವರಿಗಾಗಿ ಬರೆಯುತ್ತಿದ್ದೇನೆ. ಕಚೇರಿಯ ಹೆಸರನ್ನು ಹಾಕಿಲ್ಲ. ವಕೀಲರು ತಮ್ಮ ವೃತ್ತಿಗೆ ಜಾಹೀರಾತು ಮಾಡಿಕೊಳ್ಳಬಾರದೆಂಬುದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ. ನಾನು ಬರೆಯುವ ಒಳ್ಳೆಯ ಮಾತು ಅವರಿಗೆ ತೊಡಕಾಗುವುದು ನನಗೆ ಇಷ್ಟವಿಲ್ಲ. ಹೆಸರಿಗಿಂತಲೂ ಅವರು ಕೆಲಸವನ್ನು ಯಾವ ಕ್ರಮದಲ್ಲಿ ಮಾಡಿದರೆಂಬುದು ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನ್ನ ನಂಬಿಕೆ.

ತಮ್ಮನಿಗೆ ಆಗ 38 ವರ್ಷ. ಶಂಕರಪುರದ ಹತ್ತಿರ ಅವನದು ಮಲ್ಲಿಗೆ ಕೃಷಿ. ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಮನೆಮಂದಿಯೆಲ್ಲ ಕುಳಿತು ಕಟ್ಟಿ, ಸ್ಕೂಟರಿನಲ್ಲಿ ಹೂವು ಕೊಳ್ಳುವ ಜಾಗವಾದ ಹೂವಿನ ಕಟ್ಟೆಗೆ ಮುಟ್ಟಿಸುವುದು ಅವನ ದಿನಚರಿ. 2023ರ ಜುಲೈ ತಿಂಗಳ ಕೊನೆಯಲ್ಲಿ, ತುಳುನಾಡಿನ ಮಳೆಗಾಲದ ತಿಂಗಳಾದ ಆಟಿಯ ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ಕಟಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟುವಾಗ ಮಂಗಳೂರು ಕಡೆಯಿಂದ ಬಂದ ಲಾರಿಯೊಂದು ಅವನಿಗೆ ಬಡಿಯಿತು. ಬಲಗಾಲಿನ ಮೊಣಕಾಲ ಕೆಳಗಿನ ಎಲುಬು ಎರಡು ಕಡೆ ಮುರಿಯಿತು. ಲಾರಿಯಲ್ಲಿದ್ದುದು ಟಪಾಲು ಚೀಲಗಳು ಮತ್ತು ಪಾರ್ಸೆಲ್‌ಗಳು. ಬದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಅಂಚೆಯ ಕೆಲಸಕ್ಕೆ ಎಂಬ ಬರಹವಿತ್ತು. ಮುಂದಿನ ಎರಡು ತಿಂಗಳು ನಮ್ಮನ್ನು ದಾರಿ ತಪ್ಪಿಸಿದ್ದು ಆ ಬರಹವೇ.

ನೋಡಲು ಬಂದವರೆಲ್ಲ ಹೇಳಿದ ಮಾತು ಒಂದೇ: ಅದು ಸರಕಾರದ ಗಾಡಿ, ಸರಕಾರದ ಮೇಲೆ ಕೇಸು ಹಾಕಿ ಗೆದ್ದವರಿಲ್ಲ, ಅಂಚೆಗೆ ಕಾನೂನಿನಲ್ಲೇ ರಕ್ಷಣೆ ಇದೆ. ಹೀಗೆ ಹೇಳಿದವರಲ್ಲಿ ಓದಿದವರೂ ಇದ್ದರು. ಇದೇ ಗೊಂದಲದ ನಡುವೆ, ಆಸ್ಪತ್ರೆಯ ವರಾಂಡದಲ್ಲಿ ಪರಿಚಯ ಮಾಡಿಕೊಂಡ ಮಧ್ಯವರ್ತಿಯೊಬ್ಬರು ಎಲ್ಲವನ್ನೂ ತಾವೇ ನೋಡಿಕೊಳ್ಳುವುದಾಗಿಯೂ, ಖರ್ಚು ಏನೂ ಬೇಡ, ಬಂದ ಹಣದಲ್ಲಿ ನೂರಕ್ಕೆ ಮೂವತ್ತು ಕೊಟ್ಟರೆ ಸಾಕೆಂದೂ ಹೇಳಿ, ಖಾಲಿ ವಕಾಲತ್ತಿನ ಹಾಳೆಗೆ, ಅಂದರೆ ವಕೀಲರನ್ನು ನೇಮಿಸುವ ಪತ್ರಕ್ಕೆ, ತಮ್ಮನ ಸಹಿ ಪಡೆದು, ಡಿಸ್ಚಾರ್ಜ್ ಪತ್ರದ ಮೂಲ ಪ್ರತಿಯನ್ನು ಒಯ್ದರು. ಸೆಪ್ಟೆಂಬರ್ ಕಳೆದರೂ ಅರ್ಜಿ ಸಲ್ಲಿಕೆಯಾಗಿರಲಿಲ್ಲ. ಗೆದ್ದ ಹಣದಲ್ಲಿ ಪಾಲು ಎಂಬ ಕರಾರಿನ ಮೇಲೆ ವಕೀಲರು ಶುಲ್ಕ ನಿಗದಿ ಮಾಡುವುದು ನಮ್ಮ ದೇಶದ ವೃತ್ತಿ ನಿಯಮಕ್ಕೆ ವಿರುದ್ಧವೆಂಬುದು ನಮಗೆ ಆಗ ಗೊತ್ತಿರಲಿಲ್ಲ. ಶಾಲೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಈ ಕಚೇರಿಯ ದಾರಿ ತೋರಿಸಿದ ಮೇಲೆ, ಆ ಕಾಗದಗಳನ್ನು ಹಿಂದಕ್ಕೆ ತರುವುದೇ ಮೊದಲ ಕೆಲಸವಾಯಿತು. ಅದನ್ನು ಸಹ ಕಚೇರಿಯವರೇ ಒಂದು ನೋಟಿಸಿನಿಂದ ಮಾಡಿಸಿದರು.

ಮೊದಲ ಭೇಟಿ ಸುಮಾರು ಒಂದೂವರೆ ಗಂಟೆ ನಡೆಯಿತು. ಹಿರಿಯ ವಕೀಲರು ಪರಿಹಾರ ಎಷ್ಟು ಬರಬಹುದೆಂಬ ಮಾತನ್ನು ಆ ದಿನ ಎತ್ತಲೇ ಇಲ್ಲ. ನಾನು ಲಾರಿಯ ಮೇಲಿನ ಬರಹದ ಫೋಟೋ ತೋರಿಸಿದಾಗ ಅವರು ಹೇಳಿದ್ದು ಇಷ್ಟು: "ಅದು ಇರಲಿ ಟೀಚರೇ, ಆರ್‌ಸಿಯಲ್ಲಿ ಯಾರ ಹೆಸರು ಇದೆ ಅಂತ ಮೊದಲು ನೋಡುವ." ಇಡೀ ಪ್ರಕರಣದ ಬೆನ್ನೆಲುಬು ಈ ಒಂದು ಮಾತಿನಲ್ಲಿತ್ತು ಎಂದು ಈಗ ನನಗೆ ಅನಿಸುತ್ತದೆ. ಅಂಚೆಗೆ ಸ್ವಂತ ವಾಹನಗಳಿದ್ದು, ಆ ವಿಭಾಗವನ್ನು ಮೇಲ್ ಮೋಟಾರ್ ಸರ್ವಿಸ್ ಎನ್ನುತ್ತಾರೆ. ಅದರ ಜೊತೆಗೆ ಟೆಂಡರ್ ಮೂಲಕ ಖಾಸಗಿ ಗುತ್ತಿಗೆದಾರರ ಲಾರಿಗಳೂ ಚೀಲಗಳನ್ನು ಸಾಗಿಸುತ್ತವೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ, ಕಾನೂನಿನ ಕಣ್ಣಿಗೆ ಬೇರೆ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮು, ವಾಣಿಜ್ಯ ಉದ್ಯಮಕ್ಕೆ ಸಂಬಂಧಪಡದ ಕೆಲಸದಲ್ಲಿರುವ ಸರಕಾರದ ಸ್ವಂತ ವಾಹನಗಳಿಗೆ ಕಡ್ಡಾಯ ವಿಮೆಯಿಂದ ವಿನಾಯಿತಿ ಕೊಡುತ್ತದೆ. ಗುತ್ತಿಗೆದಾರನ ಲಾರಿಗೆ ಆ ವಿನಾಯಿತಿ ಇಲ್ಲ. ಅದಕ್ಕೆ ವಿಮೆ ಇರಲೇಬೇಕು, ಮೂರನೆಯವರಿಗೆ ಆದ ಹಾನಿಯನ್ನು ಆ ವಿಮೆ ತುಂಬಿಕೊಡಬೇಕು.

ಅಂಚೆಗೆ ಕಾನೂನಿನ ರಕ್ಷಣೆ ಇದೆ ಎಂಬ ಊರಿನ ಮಾತಿನ ಮೂಲವನ್ನೂ ಅವರು ಬಿಡಿಸಿ ಹೇಳಿದರು. ಆಗ ಜಾರಿಯಲ್ಲಿದ್ದ 1898ರ ಅಂಚೆ ಕಚೇರಿ ಕಾಯ್ದೆಯಲ್ಲಿ ಹೊಣೆಯಿಂದ ವಿನಾಯಿತಿ ಕೊಡುವ ಕಲಮು ಇದ್ದದ್ದು ನಿಜ, ಆದರೆ ಅದು ಕಾಗದ ಕಳೆದುಹೋದರೆ, ತಪ್ಪು ವಿಳಾಸಕ್ಕೆ ಮುಟ್ಟಿದರೆ, ತಡವಾದರೆ ಅಥವಾ ಹಾಳಾದರೆ ಅನ್ವಯವಾಗುವಂಥದು. ರಸ್ತೆಯ ಮೇಲೆ ಮನುಷ್ಯನ ಕಾಲು ಮುರಿದುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಹಳೆಯ ಕಾಯ್ದೆಯ ಜಾಗಕ್ಕೆ 2024ರ ಜೂನ್ 18ರಿಂದ ಹೊಸ ಅಂಚೆ ಕಚೇರಿ ಕಾಯ್ದೆ ಬಂದಿದೆ. ಎರಡು ತಿಂಗಳು ನಾವು ಹೆದರಿ ಕುಳಿತದ್ದು, ಕಳೆದುಹೋದ ಪಾರ್ಸೆಲ್‌ಗೆ ಬರೆದ ಒಂದು ಕಲಮಿಗಾಗಿ.

ಒಂದು ವಾರದೊಳಗೆ ವಾಹನದ ನೋಂದಣಿಯ ವಿವರ ಕೈಗೆ ಬಂತು. ಆಗ ಇನ್ನೊಂದು ಗಂಟು ಕಾಣಿಸಿತು: ಟಪಾಲು ಸಾಗಾಟದ ಟೆಂಡರ್ ಪಡೆದವರು ಒಬ್ಬರು, ಕೆಎ 19ರ ನೋಂದಣಿಯ ಲಾರಿಯ ಆರ್‌ಸಿ ಇದ್ದದ್ದು ಮತ್ತೊಬ್ಬರ ಹೆಸರಿನಲ್ಲಿ. ಗುತ್ತಿಗೆಯ ಷರತ್ತುಗಳನ್ನು ತಿಳಿಯಲು ಕಚೇರಿಯವರು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದರು. ಉತ್ತರ 30 ದಿನಗಳ ಗಡುವಿನೊಳಗೆ ಬಂತು. ಚಾಲಕನ ಸಂಬಳ, ವಾಹನದ ವಿಮೆ, ದುರಸ್ತಿ ಎಲ್ಲವೂ ಗುತ್ತಿಗೆದಾರನ ಪಾಲಿಗೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ನೋಂದಾಯಿತ ಮಾಲೀಕನೇ ಕಾನೂನಿನ ಮಾಲೀಕ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಚಾಲಕನ ಮೇಲೆ ನಿಜವಾದ ಹಿಡಿತ ಯಾರದೋ ಅವರೂ ಹೊಣೆಗಾರರಾಗಬಹುದೆಂದು 1997ರ ಕೈಲಾಸ್ ನಾಥ್ ಕೊಠಾರಿ ಪ್ರಕರಣದಲ್ಲಿ, ರಾಜಸ್ಥಾನದ ಸಾರಿಗೆ ನಿಗಮ ಬಾಡಿಗೆಗೆ ಪಡೆದಿದ್ದ ಬಸ್ಸಿನ ವಿಷಯದಲ್ಲಿ ತೀರ್ಮಾನವಾಗಿದೆ. ಹೀಗೆ ಬಾಡಿಗೆಗೆ ಕೊಟ್ಟ ವಾಹನದ ವಿಮಾ ಕಂಪೆನಿ ತನ್ನ ಹೊಣೆಯಿಂದ ಜಾರಿಕೊಳ್ಳುವಂತಿಲ್ಲವೆಂದು 2011ರ ಕುಲ್ಸುಮ್ ಪ್ರಕರಣ ಹೇಳುತ್ತದೆ. ಈ ಮೂರನ್ನೂ ಮುಂದಿಟ್ಟುಕೊಂಡು ಅವರು ಆರ್‌ಸಿ ಮಾಲೀಕ, ಗುತ್ತಿಗೆದಾರ, ವಿಮಾ ಕಂಪೆನಿ ಈ ಮೂವರನ್ನು ಪ್ರತಿವಾದಿಗಳನ್ನಾಗಿ ಮಾಡಿದರು. ಯಾವ ಹೆಸರು ಏಕೆ ಬೇಕು, ಯಾವುದು ಏಕೆ ಬೇಡ ಎಂಬುದನ್ನು ನನಗೂ ತಮ್ಮನಿಗೂ ಅರ್ಥವಾಗುವಂತೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದಕ್ಕೆ ನಾನು ಅವರಿಗೆ ಋಣಿ.

ಮೋಟಾರು ವಾಹನ ಕಾಯ್ದೆಯ 166ನೆಯ ಕಲಮಿನ ಪ್ರಕಾರ, 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯ ನಂತರ, ಅಪಘಾತ ನಡೆದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಮೊದಲಿದ್ದ ಕಾಲಾವಕಾಶದ ನೆನಪಿನಲ್ಲಿ, ಗಾಯ ಮಾಗಿದ ಮೇಲೆ ನಿಧಾನಕ್ಕೆ ಹಾಕಿದರಾಯಿತೆಂದು ಹೇಳುವವರು ಊರಿನಲ್ಲಿ ಇಂದಿಗೂ ಇದ್ದಾರೆ. ಆ ಮಾತನ್ನು ಕೇಳಬೇಡಿ. ನಮ್ಮ ಅರ್ಜಿ ಡಿಸೆಂಬರ್ ಮೊದಲ ವಾರದಲ್ಲಿ ಉಡುಪಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಕೆಯಾಯಿತು. ಅಪಘಾತ ನಡೆದ ಸ್ಥಳದಲ್ಲಾಗಲಿ, ಗಾಯಾಳು ವಾಸಿಸುವ ಸ್ಥಳದಲ್ಲಾಗಲಿ, ಪ್ರತಿವಾದಿ ಇರುವ ಸ್ಥಳದಲ್ಲಾಗಲಿ ಅರ್ಜಿ ಹಾಕುವ ಆಯ್ಕೆ ಅರ್ಜಿದಾರನಿಗಿದೆ. ಮಾಲೀಕ ಮಂಗಳೂರಿನವನಾದರೂ ತಮ್ಮನನ್ನು ಅಷ್ಟು ದೂರ ಅಲೆಸುವ ಅಗತ್ಯ ಬೀಳಲಿಲ್ಲ. ಪೊಲೀಸರು ಸಹ ಅಪಘಾತದ ಮೊದಲ ವರದಿಯನ್ನು 48 ಗಂಟೆಗಳಲ್ಲಿ, ವಿವರವಾದ ವರದಿಯನ್ನು 90 ದಿನಗಳಲ್ಲಿ ನ್ಯಾಯಮಂಡಳಿಗೆ ಕೊಡಬೇಕೆಂಬ ನಿಯಮ ಈಗಿದೆ. ಆ ವರದಿಯ ಪ್ರತಿಯನ್ನು ಕೇಳಿ ಪಡೆಯುವುದು ನಮ್ಮ ಹಕ್ಕು.

ಈ ಕಚೇರಿಯ ನಿಜವಾದ ಸಾಮರ್ಥ್ಯ ನನಗೆ ಕಂಡದ್ದು ಆದಾಯ ಮತ್ತು ಅಂಗವೈಕಲ್ಯದ ಪುರಾವೆಯಲ್ಲಿ. ಮಲ್ಲಿಗೆ ಬೆಳೆಗಾರನಿಗೆ ಸಂಬಳದ ಚೀಟಿ ಇಲ್ಲ, ತೆರಿಗೆ ಪತ್ರವಿಲ್ಲ. ಇರುವುದು ಹೂವಿನ ಕಟ್ಟೆಯ ಪುಸ್ತಕ ಮಾತ್ರ: ಇಂದು ಎಷ್ಟು ಚೆಂಡು ಬಂತು, ಎಷ್ಟು ಅಟ್ಟೆಯಾಯಿತು, ಅಂದಿನ ದರ ಎಷ್ಟು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕ ನಮ್ಮ ಮನೆಯ ಮಕ್ಕಳಿಗೂ ಗೊತ್ತು, ಆದರೆ ಅದನ್ನು ನ್ಯಾಯಾಲಯಕ್ಕೆ ಅರ್ಥ ಮಾಡಿಸಬೇಕಲ್ಲ. ವಿಮಾ ಕಂಪೆನಿಯ ಪರ ವಕೀಲರು ಜುಲೈ ತಿಂಗಳ ಪುಟಗಳನ್ನಷ್ಟೇ ಹಿಡಿದು, ಆದಾಯ ತೀರ ಕಡಿಮೆ ಎಂದು ವಾದಿಸಿದರು. ಆಟಿಯಲ್ಲಿ ಮದುವೆ ಇಲ್ಲ, ಶುಭಕಾರ್ಯವಿಲ್ಲ, ಹೂವಿಗೆ ದರವೂ ಇಲ್ಲ. ಆ ಒಂದು ತಿಂಗಳನ್ನು ಅಳತೆಗೋಲು ಮಾಡಿದರೆ ಯಾವ ಮಲ್ಲಿಗೆ ಬೆಳೆಗಾರನಿಗೂ ನ್ಯಾಯ ಸಿಗುವುದಿಲ್ಲ. ನಮ್ಮ ವಕೀಲರು ಕಟ್ಟೆಯ ಮೂರು ವರ್ಷಗಳ ಪುಸ್ತಕಗಳನ್ನು ತರಿಸಿ, ಕಟ್ಟೆಯವರನ್ನೇ ಸಾಕ್ಷಿಯಾಗಿ ಕರೆಸಿ, ನವರಾತ್ರಿ ಮತ್ತು ಮದುವೆಯ ತಿಂಗಳುಗಳ ದರದ ಜೊತೆ ಮಳೆಗಾಲದ ದರವನ್ನೂ ಸೇರಿಸಿ ವರ್ಷದ ಸರಾಸರಿ ತೆಗೆದು ಕೊಟ್ಟರು. ನ್ಯಾಯಮಂಡಳಿ ತಿಂಗಳಿಗೆ 15,000 ರೂಪಾಯಿ ಆದಾಯವೆಂದು ಒಪ್ಪಿತು.

ಅಂಗವೈಕಲ್ಯದ ವಿಷಯ ಇನ್ನೂ ಸೂಕ್ಷ್ಮವಾಗಿತ್ತು. ಎಲುಬಿನ ವೈದ್ಯರು ಬಲಗಾಲಿಗೆ ನೂರಕ್ಕೆ 36ರಷ್ಟು ಶಾಶ್ವತ ನ್ಯೂನತೆ ಎಂದು ಹೇಳಿಕೆ ಕೊಟ್ಟರು. ಒಂದು ಕೈ ಅಥವಾ ಕಾಲಿನ ನ್ಯೂನತೆಯ ಮೂರನೆಯ ಒಂದು ಪಾಲನ್ನು ಇಡೀ ದೇಹದ ನ್ಯೂನತೆಯೆಂದು ಹಿಡಿಯುವುದು ನಮ್ಮ ರಾಜ್ಯದ ನ್ಯಾಯಮಂಡಳಿಗಳಲ್ಲಿ ಸಾಮಾನ್ಯ ರೂಢಿ. ಆ ಲೆಕ್ಕದಲ್ಲಿ 12 ಬರುತ್ತದೆ. ಆದರೆ ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಹಾಗೆ, ಲೆಕ್ಕಕ್ಕೆ ಹಿಡಿಯಬೇಕಾದದ್ದು ವೈದ್ಯರು ಬರೆದ ಅಂಕಿಯನ್ನಲ್ಲ, ಆ ಮನುಷ್ಯನ ದುಡಿಮೆಯ ಶಕ್ತಿ ಎಷ್ಟು ಕುಂದಿತೆಂಬುದನ್ನು. ಮೇಜಿನ ಮುಂದೆ ಕುಳಿತು ಕೆಲಸ ಮಾಡುವವನಿಗೂ, ಕತ್ತಲಿರುವಾಗಲೇ ಗಿಡದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಮೊಗ್ಗು ಬಿಡಿಸುವವನಿಗೂ ಮೊಣಕಾಲು ಒಂದೇ ಅಲ್ಲ. ಇದನ್ನು ವಕೀಲರು ಪುಸ್ತಕದ ಭಾಷೆಯಲ್ಲಿ ವಾದಿಸದೆ, ತಮ್ಮನ ಬಾಯಿಂದಲೇ ಅವನ ಒಂದು ದಿನದ ಕೆಲಸವನ್ನು ಗಂಟೆ ಗಂಟೆಯಾಗಿ ಹೇಳಿಸಿದರು. ಸಾಕ್ಷಿ ಕಟ್ಟೆಯಲ್ಲಿ ನಿಂತು ಅವನು ಕುಳಿತು ಏಳುವುದನ್ನು ವಿವರಿಸುವಾಗ ನನ್ನ ಕಣ್ಣು ತುಂಬಿ ಬಂತು. ನ್ಯಾಯಮಂಡಳಿ ನೂರಕ್ಕೆ 18 ಎಂದು ಹಿಡಿಯಿತು. ಸರಳಾ ವರ್ಮಾ ಪ್ರಕರಣದ 2009ರ ಪಟ್ಟಿಯಂತೆ 36ರಿಂದ 40 ವರ್ಷದವರಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸಬೇಕಾದ ಸಂಖ್ಯೆ, 15. ತಿಂಗಳ 15,000ವನ್ನು ವರ್ಷದ 12 ತಿಂಗಳಿಂದಲೂ ಗುಣಕ 15ರಿಂದಲೂ ಗುಣಿಸಿ ಅದರ ನೂರಕ್ಕೆ 18 ತೆಗೆದರೆ 4,86,000 ಆಗುತ್ತದೆ. ನ್ಯೂನತೆ ನೂರಕ್ಕೆ 12ಕ್ಕೆ ನಿಂತಿದ್ದರೆ 3,24,000. ಸಾಕ್ಷಿಯನ್ನು ಸರಿಯಾಗಿ ನುಡಿಸಿದ ಒಂದು ಬೆಳಗಿನ ಬೆಲೆ 1,62,000 ರೂಪಾಯಿ.

ವಿಮಾ ಕಂಪೆನಿಯ ದೊಡ್ಡ ಆಕ್ಷೇಪ ಚಾಲಕನ ಲೈಸೆನ್ಸಿನದು. ಅವನಲ್ಲಿದ್ದದ್ದು ಲಘು ಮೋಟಾರು ವಾಹನದ ಲೈಸೆನ್ಸ್ ಮಾತ್ರ, ಸಾಗಾಟದ ವಾಹನ ನಡೆಸಲು ಬೇರೆ ಅನುಮತಿ ಪಡೆದಿಲ್ಲ, ಆದ್ದರಿಂದ ತಾನು ಕೊಡಬೇಕಾಗಿಲ್ಲ ಎಂಬುದು ಅದರ ವಾದ. ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದಿತ್ತು. ಕಚೇರಿಯವರು ನಮ್ಮನ್ನು ಸುಮ್ಮನೆ ಸಮಾಧಾನ ಮಾಡದೆ, ಅಲ್ಲಿ ವಿರುದ್ಧವಾದರೆ ಏನಾಗುತ್ತದೆ, ಆಗ ಕಂಪೆನಿ ಮೊದಲು ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡಲಿ ಎಂದು ಹೇಗೆ ಕೇಳಬಹುದು ಎಂಬುದನ್ನೂ ತಿಳಿಸಿದ್ದರು. 2024ರ ನವೆಂಬರ್ 6ರಂದು ರಂಭಾ ದೇವಿ ಪ್ರಕರಣದಲ್ಲಿ ತೀರ್ಪು ಬಂತು: 7,500 ಕಿಲೋಗ್ರಾಂಗಿಂತ ಕಡಿಮೆ ಒಟ್ಟು ತೂಕದ ಸಾಗಾಟ ವಾಹನವನ್ನು ಲಘು ವಾಹನದ ಲೈಸೆನ್ಸ್ ಇರುವವರು ನಡೆಸಬಹುದು. ನಮ್ಮ ಪ್ರಕರಣದ ಟಪಾಲು ಲಾರಿ ಆ ಮಿತಿಯೊಳಗೇ ಇತ್ತು. ಮುಂದಿನ ವಾಯಿದೆಗೆ ತೀರ್ಪಿನ ಪ್ರತಿ ಕಡತದಲ್ಲಿತ್ತು.

ಇನ್ನು ಕೊರತೆಗಳು. ಕಾಲು ಮುರಿದವರು, ಊರುಗೋಲು ಹಿಡಿದವರೇ ಹೆಚ್ಚಾಗಿ ಬರುವ ಕಚೇರಿ ಲಿಫ್ಟ್ ಇಲ್ಲದ ಎರಡನೆಯ ಮಹಡಿಯಲ್ಲಿರುವುದು ನನಗೆ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಮೊದಲ ಸಲ ತಮ್ಮನನ್ನು ಇಬ್ಬರು ಹಿಡಿದು ಹತ್ತಿಸಬೇಕಾಯಿತು. ಆಮೇಲೆ ನಾನು ಕೇಳಿಕೊಂಡ ಮೇಲೆ ಕಿರಿಯ ವಕೀಲರು ಕೆಳಗೆ ಬಂದು ರಿಕ್ಷಾದಲ್ಲೇ ಸಹಿ ಪಡೆದರು, ಆದರೆ ಅದನ್ನು ಅವರಾಗಿಯೇ ಯೋಚಿಸಬೇಕಿತ್ತು. ಫೋನಿಗೆ ಉತ್ತರ ಸಿಗುವುದು ಸಂಜೆ ಆರರ ಮೇಲೆ ಮಾತ್ರ. ವೈದ್ಯರಿಗೆ ಸಾಕ್ಷಿ ಸಮನ್ಸ್ ಕಳಿಸುವುದನ್ನು ಗುಮಾಸ್ತರು ಮರೆತದ್ದರಿಂದ ಎರಡು ವಾಯಿದೆಗಳು, ಅಂದರೆ ಸುಮಾರು ಮೂರು ತಿಂಗಳು ವ್ಯರ್ಥವಾದವು. ಎಲ್ಲಕ್ಕಿಂತ ನನಗೆ ಬೇಸರ ತಂದ ವಿಷಯ ಬೇರೆ. ನನ್ನ ತಮ್ಮನೇ ಅಡ್ಡರಸ್ತೆಯಿಂದ ಅವಸರದಲ್ಲಿ ನುಗ್ಗಿದ ಎಂದು ವಿಮಾ ಕಂಪೆನಿ ವಾದಿಸಿತು. ಘಟನೆಯನ್ನು ಕಣ್ಣಾರೆ ಕಂಡ ಒಬ್ಬ ರಿಕ್ಷಾ ಚಾಲಕರಿದ್ದರು, ಸಾಕ್ಷಿ ಹೇಳಲೂ ಸಿದ್ಧರಿದ್ದರು. ಸ್ಥಳ ಮಹಜರು ಮತ್ತು ನಕ್ಷೆಯೇ ಸಾಕೆಂದು ಕಚೇರಿಯವರು ಅವರನ್ನು ಕರೆಸಲಿಲ್ಲ. ಕೊನೆಗೆ ನ್ಯಾಯಮಂಡಳಿ ತಮ್ಮನ ಕಡೆಯೂ ನೂರಕ್ಕೆ 10ರಷ್ಟು ನಿರ್ಲಕ್ಷ್ಯವಿತ್ತೆಂದು ಹೇಳಿ ಒಟ್ಟು 7,60,000ದಲ್ಲಿ 76,000 ಕಡಿತ ಮಾಡಿತು. ಆ ಸಾಕ್ಷಿ ಬಂದಿದ್ದರೆ ಈ ಕಡಿತ ಬರುತ್ತಿರಲಿಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ. ಹಿರಿಯ ವಕೀಲರಲ್ಲಿ ಇದನ್ನು ಹೇಳಿದಾಗ ಅವರು ವಾದಕ್ಕೆ ಬರಲಿಲ್ಲ; "ಕರೆಸಬೇಕಿತ್ತು, ಟೀಚರೇ, ಅದು ನನ್ನ ತಪ್ಪು" ಎಂದರು.

ಶುಲ್ಕದ ವಿಷಯದಲ್ಲಿ ಯಾವ ಮುಚ್ಚುಮರೆಯೂ ಇರಲಿಲ್ಲ. ಒಟ್ಟು 30,000 ರೂಪಾಯಿ, ಮೂರು ಕಂತು, ಪ್ರತಿ ಕಂತಿಗೂ ರಸೀದಿ. ನಕಲು, ಸಮನ್ಸ್, ವೈದ್ಯರ ಸಾಕ್ಷಿಯ ಖರ್ಚು ಬೇರೆ, ಅದಕ್ಕೂ ಬರೆದ ಲೆಕ್ಕ. ಮೊದಲ ದಿನವೇ ಅವರು ಇನ್ನೊಂದು ಮಾತು ಹೇಳಿದ್ದರು: ಈ ಖರ್ಚು ಭಾರವಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, 1987ರ ಕಾಯ್ದೆಯಂತೆ ಮಹಿಳೆಯರಿಗೂ, ಮಕ್ಕಳಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಅಂಗವಿಕಲರಿಗೂ, ಆದಾಯದ ಮಿತಿಯೊಳಗಿರುವ ಇತರರಿಗೂ ಉಚಿತವಾಗಿ ವಕೀಲರನ್ನು ಒದಗಿಸುತ್ತಾರೆ ಎಂದು. ತನ್ನ ಮುಂದೆ ಕುಳಿತ ಕಕ್ಷಿದಾರನಿಗೆ ಬೇರೆ ಬಾಗಿಲನ್ನೂ ತೋರಿಸುವ ವಕೀಲರು ಎಷ್ಟು ಮಂದಿ ಇದ್ದಾರೋ.

ನಡುವೆ ಲೋಕ ಅದಾಲತ್‌ನಲ್ಲಿ ವಿಮಾ ಕಂಪೆನಿ 3,25,000ಕ್ಕೆ ರಾಜಿಗೆ ಬಂತು. ಅಲ್ಲಿ ಒಪ್ಪಿದರೆ ಹಣ ಬೇಗ ಸಿಗುತ್ತದೆ, ಆದರೆ ಆ ಆದೇಶದ ಮೇಲೆ ಮೇಲ್ಮನವಿ ಇಲ್ಲ ಎಂದು ವಕೀಲರು ತಿಳಿಸಿ, ತೀರ್ಮಾನವನ್ನು ನಮಗೇ ಬಿಟ್ಟರು. ಮನೆಯಲ್ಲಿ ಸಾಲವಿತ್ತು, ತಮ್ಮನ ಹೆಂಡತಿಗೆ ಒಪ್ಪಿಬಿಡುವ ಮನಸ್ಸಿತ್ತು, ಅವಳ ಕಷ್ಟ ನನಗೆ ಅರ್ಥವಾಗುತ್ತಿತ್ತು. ಎರಡು ದಿನ ಯೋಚಿಸಿ ಬೇಡವೆಂದೆವು. ಯಾರೂ ಅವಸರಪಡಿಸಲಿಲ್ಲ.

ತೀರ್ಪು 2025ರ ಮಾರ್ಚ್‌ನಲ್ಲಿ ಬಂತು. ಮುಂದಿನ ದುಡಿಮೆಯ ನಷ್ಟದ 4,86,000, ಚಿಕಿತ್ಸೆಯ 1,42,000, ಹಾಸಿಗೆಯಲ್ಲಿದ್ದ ಐದು ತಿಂಗಳ ಆದಾಯ 75,000, ನೋವಿಗೆ 30,000, ಉಳಿದ ಬಾಬ್ತುಗಳಿಗೆ 27,000 ಸೇರಿ ಆದ ಮೊತ್ತದಲ್ಲಿ ಕಡಿತ ಕಳೆದು 6,84,000 ರೂಪಾಯಿ, ಅರ್ಜಿ ಹಾಕಿದ ದಿನದಿಂದ ನೂರಕ್ಕೆ 6ರ ಬಡ್ಡಿ. ತೀರ್ಪಿನ 30 ದಿನಗಳೊಳಗೆ ಹಣ ಠೇವಣಿ ಇಡಬೇಕೆಂದು ಮೋಟಾರು ವಾಹನ ಕಾಯ್ದೆಯ 168ನೆಯ ಕಲಮು ಹೇಳುತ್ತದೆ. ಕಂಪೆನಿ ಸ್ವಲ್ಪ ತಡ ಮಾಡಿತು, ಕಚೇರಿಯವರು ಜಾರಿ ಅರ್ಜಿಯ ಕರಡು ಕಳಿಸಿದ ಕೂಡಲೇ ಕಟ್ಟಿತು. ಒಂದು ಭಾಗ ತಮ್ಮನ ಹೆಸರಿನಲ್ಲಿ ನಿಶ್ಚಿತ ಠೇವಣಿಯಾಗಿ ಬ್ಯಾಂಕಿನಲ್ಲಿದೆ, ಉಳಿದದ್ದು ಖಾತೆಗೆ ಬಂದು ಸಾಲ ತೀರಿತು.

ಅಲ್ಲಿಗೆ ಹೋಗುವವರು ಸಂಜೆ ಆರರ ಮೇಲೆ ಫೋನ್ ಮಾಡಿ, ನಡೆಯಲಾಗದವರಿದ್ದರೆ ಕೆಳಗೆ ಬರುವಂತೆ ಮೊದಲೇ ಕೇಳಿಕೊಳ್ಳಿ. ಪ್ರಥಮ ವರ್ತಮಾನ ವರದಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಪತ್ರ, ಔಷಧದ ಪ್ರತಿಯೊಂದು ಬಿಲ್ಲು, ಲಾರಿಯ ನಂಬರ್ ಕಾಣುವ ಫೋಟೋ ಇವನ್ನು ಒಯ್ಯಿರಿ. ಮೂಲ ಪ್ರತಿಯನ್ನು ಯಾರಿಗೂ ರಸೀದಿ ಇಲ್ಲದೆ ಕೊಡಬೇಡಿ. ಕಣ್ಣಾರೆ ಕಂಡವರಿದ್ದರೆ ಅವರ ಹೆಸರನ್ನು ಮೊದಲ ದಿನವೇ ಬರೆಸಿ, ಕರೆಸಲೇಬೇಕೆಂದು ಹೇಳಿ. ಪ್ರಕರಣ ಮುಗಿದ ಮೇಲೆ ಕಚೇರಿಯವರು ನ್ಯಾಯಾಲಯದಿಂದ ಬಿಡಿಸಿಕೊಂಡ ದಾಖಲೆಗಳನ್ನೆಲ್ಲ ಪಟ್ಟಿ ಮಾಡಿ ಹಿಂದಿರುಗಿಸಿದರು. ಕಟ್ಟೆಯ ಆ ಮೂರು ಪುಸ್ತಕಗಳನ್ನು ತಮ್ಮನೇ ತನ್ನ ಕೈಯಾರೆ ಕಟ್ಟೆಯವರಿಗೆ ಮರಳಿ ಮುಟ್ಟಿಸಿದ.